ಕೋರ್ಸ್ ಮಾಡೋ ನಮಗೆಲ್ಲ ಒಬ್ಬ ಸೀನಿಯರ್

ಸರ್ ಎಂ. ವಿಶ್ವೇಶ್ವರಯ್ಯ ಅಂದ ಕೂಡಲೇ ನಮಗೆ ನೆನಪಾಗೋದು ಕನ್ನಂಬಾಡಿ ಕಟ್ಟೆ, ಮೈಸೂರು ಪೇಟ, ಸೆಪ್ಟೆಂಬರ್ 15ರ ಭಾಷಣಗಳು. ಅವರು ಹೇಗೆ ಓದಿದ್ರು, ಆ ಓದಿಗೆ ದುಡ್ಡು ಎಲ್ಲಿಂದ ಬಂತು ಅಂತ ನಾವು ಅಷ್ಟಾಗಿ ಕೇಳೋದಿಲ್ಲ. ಸ್ವಯಂ, ಎನ್‌ಪಿಟಿಇಎಲ್ ಅಂತ ಮೊಬೈಲಿನಲ್ಲೇ ಕೋರ್ಸ್ ಮಾಡ್ತಿರೋ ನಾವು ಕೇಳಬೇಕಾದ್ದು ಅದನ್ನೇ.

ಹುಟ್ಟಿದ್ದು ಮುದ್ದೇನಹಳ್ಳಿ. ತಂದೆ ಸಂಸ್ಕೃತ ಪಂಡಿತರು. ಮಗ ಇನ್ನೂ ಹುಡುಗನಾಗಿದ್ದಾಗಲೇ ಅವರು ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಶಾಲೆ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಬಂದ ಹುಡುಗನಿಗೆ ಸೋದರಮಾವನ ಆಸರೆ ಇತ್ತು, ಆದ್ರೆ ಖರ್ಚಿಗೆ ಅದು ಸಾಲುತ್ತಿರಲಿಲ್ಲ. ಹಾಗಾಗಿ ಮನೆಪಾಠ ಶುರುವಾಯ್ತು. ಅವರು ಪಾಠ ಹೇಳುತ್ತಿದ್ದದ್ದು ಬೆಂಗಳೂರಿನಲ್ಲಿ ನೆಲೆಸಿದ್ದ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ. ಕೊಡಗಿನವರಾದ ನಮಗೆ ಈ ವಿಷಯ ಗೊತ್ತಾದಾಗ ಸ್ವಲ್ಪ ಹೆಮ್ಮೆನೇ ಆಯ್ತು.

ಬಿ.ಎ. ಏನೋ ಆಯ್ತು. ಎಂಜಿನಿಯರಿಂಗ್ ಓದೋಣ ಅಂದ್ರೆ ಮೈಸೂರು ಸಂಸ್ಥಾನದಲ್ಲಿ ಆಗ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಅವರನ್ನ ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಕಳಿಸಿತು. 1883ರಲ್ಲಿ ಅಲ್ಲಿ ಮೊದಲ ಸ್ಥಾನ, ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ. ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನ ಹಾಕಿಸಿದ್ದು 1903ರಲ್ಲಿ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ವಾಪಸ್ ಬಂದ್ರು, 1912ರಲ್ಲಿ ದಿವಾನರಾದ್ರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, ಅದೇ ಇವತ್ತಿನ ಯುವಿಸಿಇ. ತಾನು ಓದೋಕೆ ಊರು ಬಿಡಬೇಕಾಯ್ತು, ಮುಂದಿನವರು ಬಿಡಬಾರದು ಅನ್ನೋ ಹಾಗೆ. ಡಿಗ್ರಿಗೆ ಅಂತ ಇಷ್ಟು ಮಾಡಿ ಸುಮ್ಮನಾಗಲಿಲ್ಲ. ಅವರ ಕಾಲದಲ್ಲೇ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆ, ಹೆಬ್ಬಾಳದಲ್ಲಿ ಕೃಷಿ ಶಾಲೆ, ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಕೂಡ ಆದವು. ಮುಂದೆ ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನ ನಡೆಸಿದ್ದಕ್ಕೆ ತಮಗೆ ಬರಬೇಕಿದ್ದ ಹಣವನ್ನೂ ಕಸುಬು ಕಲಿಸುವ ಒಂದು ಸಂಸ್ಥೆಗೇ ಕೊಟ್ಟರು. ಅದಕ್ಕೆ ತಮ್ಮ ಹೆಸರು ಬೇಡ ಅಂದ್ರು, ಜಯಚಾಮರಾಜೇಂದ್ರ ಒಡೆಯರ ಹೆಸರಿಡಿಸಿದ್ರು. ಬೆಂಗಳೂರಿನ ಎಸ್‌ಜೆಪಿ ಅಂದ್ರೆ ಅದೇ.

ಈಗ ಹುದಿಕೇರಿಗೆ ಬನ್ನಿ. ಇಲ್ಲಿ ಕೂತು ಐಐಟಿ ಮೇಷ್ಟ್ರ ಪಾಠ ಕೇಳಬಹುದು, ಅದೂ ಪುಕ್ಕಟೆಯಾಗಿ. ಪುಣೆಗೆ ಹೋಗೋ ಅಗತ್ಯ ಇಲ್ಲ. ಆದ್ರೆ ಜುಲೈ ಮಳೆಗೆ ಕರೆಂಟ್ ಹೋದ್ರೆ ಹಿಂದೆನೇ ನೆಟ್‌ವರ್ಕ್ ಕೂಡ ಹೋಗುತ್ತೆ. ಎನ್‌ಪಿಟಿಇಎಲ್ ಸರ್ಟಿಫಿಕೇಟ್ ಬೇಕು ಅಂದ್ರೆ ಪರೀಕ್ಷೆಗೆ ಶುಲ್ಕ ಕಟ್ಟಬೇಕು, ಕೇಂದ್ರಕ್ಕೇ ಹೋಗಿ ಬರೀಬೇಕು. ವಿಡಿಯೋದಲ್ಲಿ ಲೇತ್ ತಿರುಗೋದನ್ನ ನೋಡಿದ್ರೆ ಕೈಗೆ ಲೇತ್ ಬರಲ್ಲ.

ವಿಶ್ವೇಶ್ವರಯ್ಯನವರ ಓದು ದಡ ಮುಟ್ಟಿದ್ದು ಮೂರು ಸಂಗತಿಗಳಿಂದ: ಒಳ್ಳೆ ಮೇಷ್ಟ್ರು, ಯಾರೋ ಕೊಟ್ಟ ದುಡ್ಡು, ಕಲಿತದ್ದನ್ನ ಕೈಯಾರೆ ಮಾಡೋಕೆ ಒಂದು ಜಾಗ. ಆನ್‌ಲೈನ್ ಕೋರ್ಸ್ ನಮಗೆ ಕೊಟ್ಟಿರೋದು ಮೊದಲನೆಯದನ್ನ ಮಾತ್ರ. ಉಳಿದ ಎರಡನ್ನ ಕೊಡೋಕೆ ಕಾಲೇಜುಗಳಿಂದ ಆಗುತ್ತೆ. ಪರೀಕ್ಷಾ ಶುಲ್ಕಕ್ಕೆ ಒಂದು ಸಣ್ಣ ನಿಧಿ ಇಡಬಹುದು. ಶನಿವಾರ ಮಧ್ಯಾಹ್ನ ಖಾಲಿ ಬಿದ್ದಿರೋ ಲ್ಯಾಬನ್ನ ಮನೆಯಿಂದ ಕೋರ್ಸ್ ಮಾಡೋ ಹಳ್ಳಿ ಹುಡುಗ ಹುಡುಗಿಯರಿಗೆ ತೆರೆಯಬಹುದು.

ಅವರು 1962ರಲ್ಲಿ ತೀರಿಕೊಂಡರು. ವಿಟಿಯು ಕಾಲೇಜುಗಳಲ್ಲಿ ಓದೋರ ಅಂಕಪಟ್ಟಿ ಮೇಲೆ ಅವರ ಹೆಸರು ಇವತ್ತಿಗೂ ಇದೆ. ಈ ಸಲ ಸೆಪ್ಟೆಂಬರ್ 15ಕ್ಕೆ ಹಾರದ ಜೊತೆ ಲ್ಯಾಬಿನ ಬೀಗದ ಕೈಯನ್ನೂ ಕೇಳೋಣ.