ಬೆಳ್ಳಾವೆ ವೆಂಕಟನಾರಣಪ್ಪ

ಬೆಳ್ಳಾವೆ ವೆಂಕಟನಾರಣಪ್ಪ (1872–1943) ಅವರು ಭೌತಶಾಸ್ತ್ರದ ಅಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಸಾಹಿತ್ಯಕ್ಕೆ ಅಡಿಪಾಯ ಹಾಕಿದವರಲ್ಲಿ ಪ್ರಮುಖರು ಹಾಗೂ ಪ್ರಾಚೀನ ಕಾವ್ಯಗಳ ಸಂಪಾದಕರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬೋಧಿಸುತ್ತಿದ್ದ ಅವರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಆರಂಭಿಸಿದರು. 1937ರಲ್ಲಿ ಜಮಖಂಡಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ವಿಜ್ಞಾನದ ಬೋಧನೆಯನ್ನು ಒಬ್ಬ ಗುರುವಿನ ಕೆಲಸವಾಗಿ ನೋಡದೆ, ಹಲವರು ಸೇರಿ ನಡೆಸಬೇಕಾದ ಕಾರ್ಯವನ್ನಾಗಿ ರೂಪಿಸಿದ್ದು ಅವರ ಜೀವನದ ವಿಶೇಷ.

ಹಿನ್ನೆಲೆ

ವೆಂಕಟನಾರಣಪ್ಪನವರ ಹೆಸರಿನ ಮೊದಲಿಗಿರುವ ಬೆಳ್ಳಾವೆ ತುಮಕೂರು ಜಿಲ್ಲೆಯ ಒಂದು ಗ್ರಾಮ. ಈಗ ಅದನ್ನು ಬೆಳ್ಳಾವಿ ಎಂದು ಕರೆಯುವುದು ರೂಢಿ. ಅವರು ವಿದ್ಯಾಭ್ಯಾಸ ಮಾಡಿದ ಕಾಲದಲ್ಲಿ ಮೈಸೂರು ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾನಿಲಯವಿರಲಿಲ್ಲ. ಇಲ್ಲಿನ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪ್ರೌಢ ವ್ಯಾಸಂಗವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಸೆಂಟ್ರಲ್ ಕಾಲೇಜು ಅದರ ಅಂಗವಾಯಿತು. ಆದರೆ ವಿಜ್ಞಾನದ ಪಾಠ ಆಗಲೂ ಇಂಗ್ಲಿಷಿನಲ್ಲಿಯೇ ಮುಂದುವರಿಯಿತು.

ಇದರಿಂದ ಎರಡು ತೊಂದರೆಗಳು ಉಂಟಾಗಿದ್ದವು. ತರಗತಿಯೊಳಗಿನ ವಿದ್ಯಾರ್ಥಿಯು ವಿಷಯದೊಡನೆ ಪರಭಾಷೆಯನ್ನೂ ಏಕಕಾಲದಲ್ಲಿ ಕಲಿಯಬೇಕಾಗಿತ್ತು. ತರಗತಿಯ ಹೊರಗಿನ ರೈತ, ಕುಶಲಕರ್ಮಿ, ಗೃಹಿಣಿ, ಪ್ರಾಥಮಿಕ ಶಾಲೆಯ ಉಪಾಧ್ಯಾಯ ಇವರಿಗೆ ವಿಜ್ಞಾನದ ಬಾಗಿಲೇ ಮುಚ್ಚಿತ್ತು. ಕನ್ನಡದಲ್ಲಿ ವಿಜ್ಞಾನವನ್ನು ನಿಖರವಾಗಿ ಹೇಳುವುದು ಸಾಧ್ಯವೇ ಎಂಬ ಸಂದೇಹ ವಿದ್ಯಾವಂತರಲ್ಲಿಯೂ ಇತ್ತು. ವೆಂಕಟನಾರಣಪ್ಪನವರು ಈ ಸಂದೇಹಕ್ಕೆ ವಾದದಿಂದಲ್ಲದೆ ಬರವಣಿಗೆಯಿಂದ ಉತ್ತರಿಸಲು ಮುಂದಾದರು.

‘ವಿಜ್ಞಾನ’ ಪತ್ರಿಕೆ

ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಮೂಲಕ ವಿಜ್ಞಾನವನ್ನು ಜನಸಾಮಾನ್ಯರಿಗೆ ಕನ್ನಡದಲ್ಲಿ ತಲುಪಿಸುವ ಪ್ರಯತ್ನ ನಡೆಯಿತು. ಇದರ ಫಲವಾಗಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಬಂದಿತು. ವೆಂಕಟನಾರಣಪ್ಪನವರು ಹಾಗೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಇದರ ಸಂಪಾದಕತ್ವವನ್ನು ಜೊತೆಯಾಗಿ ವಹಿಸಿಕೊಂಡಿದ್ದರು. ಕೇವಲ ವಿಜ್ಞಾನಕ್ಕೆಂದೇ ಮೀಸಲಾದ ಕನ್ನಡದ ಮೊದಲ ಪತ್ರಿಕೆಯೆಂದು ಇದನ್ನು ಪರಿಗಣಿಸಲಾಗಿದೆ.

ಇಂತಹ ಪತ್ರಿಕೆಯನ್ನು ಒಬ್ಬರೇ ತುಂಬಿಸುವುದು ಅಸಾಧ್ಯವಾಗಿತ್ತು. ಭೌತಶಾಸ್ತ್ರ ಬಲ್ಲವರಿಗೆ ಸಸ್ಯಗಳ ವಿಷಯ ಅಷ್ಟಾಗಿ ತಿಳಿದಿರುವುದಿಲ್ಲ. ಕೃಷಿ ಬಲ್ಲವರಿಗೆ ಖಗೋಳದ ಪರಿಚಯವಿರುವುದಿಲ್ಲ. ಆದುದರಿಂದ ಬೇರೆ ಬೇರೆ ಶಾಸ್ತ್ರಗಳನ್ನು ಅಭ್ಯಾಸ ಮಾಡಿದವರಿಂದ ಕನ್ನಡದಲ್ಲಿ ಬರೆಯಿಸುವುದು ಸಂಪಾದಕರ ಮುಖ್ಯ ಕೆಲಸವಾಯಿತು. ಇಂಗ್ಲಿಷಿನಲ್ಲಿ ಕಲಿತು ಇಂಗ್ಲಿಷಿನಲ್ಲಿಯೇ ಬೋಧಿಸುತ್ತಿದ್ದವರು ಮೊದಲ ಬಾರಿಗೆ ತಮ್ಮ ಶಾಸ್ತ್ರವನ್ನು ಮನೆಮಾತಿನಲ್ಲಿ ಯೋಚಿಸಬೇಕಾಯಿತು. ಹೀಗೆ ಪತ್ರಿಕೆಯು ಓದುಗರಂತೆ ಬರೆಯುವವರಿಗೂ ಪಾಠಶಾಲೆಯಾಯಿತು.

ಪಾರಿಭಾಷಿಕ ಪದಗಳದು ಮತ್ತೊಂದು ಸಮಸ್ಯೆ. ಒಂದೇ ಪರಿಕಲ್ಪನೆಗೆ ಒಬ್ಬೊಬ್ಬ ಲೇಖಕರು ಒಂದೊಂದು ಪದ ಬಳಸಿದರೆ ಓದುಗರಿಗೆ ಗೊಂದಲವಾಗುತ್ತದೆ. ಸಂಸ್ಕೃತದಿಂದ ಹೊಸ ಪದ ಕಟ್ಟುವುದೇ, ಆಡುಮಾತಿನಲ್ಲಿರುವ ಪದವನ್ನು ಬಳಸುವುದೇ, ಇಂಗ್ಲಿಷ್ ಪದವನ್ನು ಹಾಗೆಯೇ ಇಟ್ಟುಕೊಳ್ಳುವುದೇ ಎಂಬ ಪ್ರಶ್ನೆಗಳು ಪ್ರತಿ ಲೇಖನದಲ್ಲಿಯೂ ಎದುರಾಗುತ್ತಿದ್ದವು. ಇವಕ್ಕೆ ಉತ್ತರ ಕಂಡುಕೊಳ್ಳಲು ಭಾಷೆ ಬಲ್ಲವರೂ ಶಾಸ್ತ್ರ ಬಲ್ಲವರೂ ಒಂದೆಡೆ ಸೇರುವುದು ಅಗತ್ಯವಾಗಿತ್ತು.

ಪತ್ರಿಕೆ ಎರಡು ವರ್ಷಗಳಷ್ಟೇ ನಡೆದು ನಿಂತಿತು. ಆದರೂ ಕನ್ನಡದಲ್ಲಿ ವಿಜ್ಞಾನ ಬರೆಯಲಾಗದೆಂಬ ಮಾತನ್ನು ಅದರ ಸಂಚಿಕೆಗಳು ಸುಳ್ಳು ಮಾಡಿದವು. ಅದೇ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ ಆರಂಭವಾಯಿತು.

ಸಾಹಿತ್ಯ ಪರಿಷತ್ತು ಮತ್ತು ಗ್ರಂಥ ಸಂಪಾದನೆ

1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕರ್ಣಾಟಕ ಸಾಹಿತ್ಯ ಪರಿಷತ್ತಿನ ಬೆಳವಣಿಗೆಯಲ್ಲಿ ವೆಂಕಟನಾರಣಪ್ಪನವರ ಪಾತ್ರ ದೊಡ್ಡದು. ಅದರ ಕಾರ್ಯದರ್ಶಿಯಾಗಿ ಅವರು ದುಡಿದರು. ಪರಿಷತ್ತಿನ ಮೂಲಕ 1931ರಲ್ಲಿ ಪಂಪಭಾರತ ಅವರ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಈ ಕಾವ್ಯವನ್ನು ಬಿ. ಎಲ್. ರೈಸ್ ಅವರು 1898ರಲ್ಲಿ ಮೊದಲು ಅಚ್ಚು ಮಾಡಿಸಿದ್ದರು.

ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಹತ್ತನೆಯ ಶತಮಾನದ ಕಾವ್ಯವನ್ನು ಸಂಪಾದಿಸಿದ್ದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಆದರೆ ಎರಡು ಕೆಲಸಗಳಿಗೂ ಬೇಕಾದ ಗುಣಗಳು ಒಂದೇ. ಪ್ರತಿಗಳಲ್ಲಿರುವ ಪಾಠಗಳನ್ನು ಹೋಲಿಸುವುದು, ತಪ್ಪನ್ನು ಗುರುತಿಸುವುದು, ಆಧಾರವಿಲ್ಲದ ಊಹೆಯನ್ನು ಬಿಡುವುದು ಪ್ರಯೋಗಶಾಲೆಯಲ್ಲಿಯೂ ಗ್ರಂಥ ಸಂಪಾದನೆಯಲ್ಲಿಯೂ ಅಗತ್ಯ.

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಕಾರ್ಯದಲ್ಲಿಯೂ ಅವರು ಪ್ರಧಾನ ಸಂಪಾದಕರಾಗಿ ಶ್ರಮಿಸಿದರು. ಅನೇಕ ವಿದ್ವಾಂಸರು ಸೇರಿ ಸಿದ್ಧಪಡಿಸಿದ ಆ ನಿಘಂಟು ಅವರ ಮರಣಾನಂತರ 1946ರಲ್ಲಿ ಹೊರಬಂದಿತು.

ಜಮಖಂಡಿ ಸಮ್ಮೇಳನ

1937ರ ಸಾಹಿತ್ಯ ಸಮ್ಮೇಳನ ನಡೆದ ಜಮಖಂಡಿ ಆಗ ಪಟವರ್ಧನ ಮನೆತನದ ಆಳ್ವಿಕೆಯ ಪುಟ್ಟ ಸಂಸ್ಥಾನ. ಕೃಷ್ಣಾ ನದಿಯ ಆಚೆಗಿರುವ ಬಬಲೇಶ್ವರ, ತಿಕೋಟಾ, ಘೋಣಸಗಿ ಮೊದಲಾದ ಊರುಗಳಿರುವ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಆ ದಿನಗಳಲ್ಲಿ ಮೈಸೂರು ಸೀಮೆಯ ವಿಜ್ಞಾನ ಅಧ್ಯಾಪಕರೊಬ್ಬರು ಉತ್ತರದ ಈ ಗಡಿಭಾಗದ ಸಮ್ಮೇಳನಕ್ಕೆ ಅಧ್ಯಕ್ಷರಾದುದು ಗಮನಾರ್ಹ. ಏಕೀಕರಣಕ್ಕೆ ಇನ್ನೂ 19 ವರ್ಷಗಳಿದ್ದವು. ಗಡಿಗಳು ಬೇರೆಯಾಗಿದ್ದರೂ ಭಾಷೆ ಒಂದೇ ಎಂಬ ಭಾವನೆಯನ್ನು ಇಂತಹ ಸಮ್ಮೇಳನಗಳು ಬಲಪಡಿಸಿದವು.

ಕೊನೆಯ ವರ್ಷಗಳು ಮತ್ತು ಪ್ರಭಾವ

ವೆಂಕಟನಾರಣಪ್ಪನವರು ಇಳಿವಯಸ್ಸಿನಲ್ಲಿಯೂ ವಿಜ್ಞಾನ ಲೇಖನವನ್ನು ಬಿಡಲಿಲ್ಲ. 1939ರಲ್ಲಿ ಪ್ರಕಟವಾದ ‘ಜೀವವಿಜ್ಞಾನ’ ಅವರ ಮುಖ್ಯ ಕೃತಿ. ಭೌತಶಾಸ್ತ್ರದಲ್ಲಿ ಜೀವನ ಕಳೆದವರು ತಮ್ಮದಲ್ಲದ ಶಾಸ್ತ್ರವನ್ನು ಅಭ್ಯಾಸ ಮಾಡಿ ಕನ್ನಡಿಗರಿಗಾಗಿ ಬರೆದ ಗ್ರಂಥವಿದು. 1943ರಲ್ಲಿ ಅವರು ನಿಧನರಾದರು. ಡಿ. ವಿ. ಗುಂಡಪ್ಪನವರು ತಮ್ಮ ‘ಜ್ಞಾಪಕಚಿತ್ರಶಾಲೆ’ಯಲ್ಲಿ ಅವರ ವ್ಯಕ್ತಿಚಿತ್ರವನ್ನು ಬರೆದಿದ್ದಾರೆ.

1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮತ್ತು ಅದು ಹೊರತರುವ ‘ಬಾಲವಿಜ್ಞಾನ’ ಮಾಸಪತ್ರಿಕೆ, ಅಧ್ಯಾಪಕರೂ ಲೇಖಕರೂ ಕೂಡಿ ವಿಜ್ಞಾನವನ್ನು ಕನ್ನಡದಲ್ಲಿ ಹಂಚುವ ಇದೇ ದಾರಿಯಲ್ಲಿ ಸಾಗಿವೆ. ‘ವಿಜ್ಞಾನ’ ಪತ್ರಿಕೆ ಅಲ್ಪಾಯುವಾದರೂ ಈ ದಾರಿಯ ಮೊದಲ ಮೈಲಿಗಲ್ಲುಗಳಲ್ಲಿ ಒಂದಾಗಿದೆ.