ಗ್ರಂಥಪಾಲಕ ಶಾಮಾಶಾಸ್ತ್ರಿಗಳು

ಮಹಾಮಹೋಪಾಧ್ಯಾಯ ಶಾಮಾಶಾಸ್ತ್ರಿಗಳು 1868ರಲ್ಲಿ ಕಾವೇರೀತೀರದ ರುದ್ರಪಟ್ಟಣದಲ್ಲಿ ಜನಿಸಿದರು. ಸಂಸ್ಕೃತದಲ್ಲಿ ಪ್ರೌಢ ಪಾಂಡಿತ್ಯವನ್ನು ಗಳಿಸಿ, ಇಂಗ್ಲಿಷನ್ನೂ ಕಲಿತು, ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಗ್ರಂಥಪಾಲಕರಾದರು.

ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ, 1891ರಲ್ಲಿ, ಈ ಪುಸ್ತಕಾಲಯವು ಸ್ಥಾಪಿತವಾಗಿತ್ತು. ಮನೆಗಳ ಅಟ್ಟಗಳಲ್ಲಿ ಗೆದ್ದಲಿಗೆ ತುತ್ತಾಗುತ್ತಿದ್ದ ಓಲೆಗರಿಗಳನ್ನು ಸಂಗ್ರಹಿಸಿ, ರಕ್ಷಿಸಿ, ಪ್ರಕಟಿಸುವುದು ಅದರ ಉದ್ದೇಶ. ಆದರೆ ಸರ್ಕಾರದ ನೆರವೊಂದರಿಂದಲೇ ಇಂತಹ ಭಂಡಾರವು ತುಂಬದು. ಗ್ರಂಥವುಳ್ಳವರು ಕೊಡಲು ಮುಂದಾಗಬೇಕು.

ತಂಜಾವೂರು ಪ್ರಾಂತದ ಪಂಡಿತರೊಬ್ಬರು ಹಾಗೆ ತಂದೊಪ್ಪಿಸಿದ ಓಲೆಯ ಕಟ್ಟೊಂದು ಗ್ರಂಥಲಿಪಿಯಲ್ಲಿತ್ತು. 1905ರಲ್ಲಿ ಶಾಸ್ತ್ರಿಗಳು ಅದನ್ನು ಪರಿಶೀಲಿಸಿದಾಗ, ಅದು ರಾಜ್ಯಾಡಳಿತವನ್ನು ಕುರಿತ ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿಯಿತು. ಶತಮಾನಗಳಿಂದ ಅದು ಕಣ್ಮರೆಯಾಗಿತ್ತು. ದಂಡಿ, ಬಾಣ ಮೊದಲಾದವರ ಕೃತಿಗಳಲ್ಲಿ ಅದರ ಉಲ್ಲೇಖ ಮಾತ್ರ ಉಳಿದಿತ್ತು. ಶಾಸ್ತ್ರಿಗಳು ಗರಿಗರಿಯನ್ನೂ ಓದಿ, ಪಾಠವನ್ನು ಪರಿಷ್ಕರಿಸಿ, 1909ರಲ್ಲಿ ಗ್ರಂಥವನ್ನು ಪ್ರಕಟಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದವು ಹೊರಬಂದಿತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗೆಗೆ ವಿದ್ವಾಂಸರಿಗಿದ್ದ ತಿಳಿವಳಿಕೆಯೇ ಇದರಿಂದ ಬದಲಾಯಿತು.

1944ರಲ್ಲಿ ಶಾಸ್ತ್ರಿಗಳು ನಿಧನರಾದರು. ಆ ಪುಸ್ತಕಾಲಯವು ಇಂದು ಮೈಸೂರು ವಿಶ್ವವಿದ್ಯಾನಿಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯವಾಗಿದೆ. ಆ ಓಲೆಗರಿಗಳು ಅಲ್ಲಿಯೇ ಇವೆ. ಒಬ್ಬರು ಲೋಭವಿಲ್ಲದೆ ಕೊಟ್ಟದ್ದನ್ನು ಮತ್ತೊಬ್ಬರು ಶ್ರಮವಹಿಸಿ ಓದಿದ್ದರಿಂದಲೇ ಆ ಗ್ರಂಥವು ಲೋಕಕ್ಕೆ ಮರಳಿ ದೊರೆಯಿತು.