ಕಡಿಮೆ ಪ್ರಶ್ನೆಗಳ ಮರ ಕಟ್ಟಿದ ಡೇವಿಡ್ ಹಫ್‌ಮನ್

ಪರೀಕ್ಷೆ ತಪ್ಪಿಸಿಕೊಳ್ಳಲು ಹೋದ ಒಬ್ಬ ವಿದ್ಯಾರ್ಥಿ ಜಗತ್ತಿಗೆಲ್ಲ ಉಪಕಾರವಾಗುವ ಗಣಿತ ಕಂಡುಹಿಡಿದ ಸಂಗತಿ ನಿಮಗೆ ಗೊತ್ತೇ?

ಡೇವಿಡ್ ಹಫ್‌ಮನ್ 1925ರ ಆಗಸ್ಟ್ 9ರಂದು ಅಮೆರಿಕದ ಓಹಾಯೋ ರಾಜ್ಯದಲ್ಲಿ ಜನಿಸಿದರು. 18ನೇ ವಯಸ್ಸಿಗೇ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ ಪಡೆದು, ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, ಮುಂದೆ ಎಂ.ಐ.ಟಿ. ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ ವ್ಯಾಸಂಗಕ್ಕೆ ಸೇರಿದರು. 1951ರಲ್ಲಿ ಅಲ್ಲಿನ ಗುರುಗಳಾದ ರಾಬರ್ಟ್ ಫಾನೋ ಒಂದು ರಿಯಾಯಿತಿ ಕೊಟ್ಟರು. ಪ್ರಬಂಧ ಬರೆದವರಿಗೆ ಅಂತಿಮ ಪರೀಕ್ಷೆ ಇಲ್ಲ. ಸಂದೇಶವನ್ನು ಅತಿ ಕಡಿಮೆ ಸಂಕೇತಗಳಲ್ಲಿ ಬರೆಯುವುದು ಹೇಗೆ ಎಂಬುದೇ ವಿಷಯ. ಗುರುಗಳಿಗೂ ಅದು ಬಗೆಹರಿದಿಲ್ಲವೆಂದು ಹಫ್‌ಮನ್‌ರಿಗೆ ತಿಳಿದಿರಲಿಲ್ಲ. ತಿಂಗಳುಗಟ್ಟಲೆ ದುಡಿದು ಸೋತು, ಟಿಪ್ಪಣಿಗಳನ್ನು ಕಸಕ್ಕೆ ಎಸೆದು ಪರೀಕ್ಷೆಗೆ ಓದಬೇಕೆನ್ನುವಾಗ ಉತ್ತರ ಹೊಳೆಯಿತು. ಉಳಿದವರು ಮೇಲಿನಿಂದ ಕೆಳಗೆ ಒಡೆಯುತ್ತಿದ್ದರು, ಇವರು ಕೆಳಗಿನಿಂದ ಮೇಲಕ್ಕೆ ಕಟ್ಟಿದರು.

ನಮ್ಮ ಆಡಕಿಯ ಉದಾಹರಣೆಯಿಂದಲೇ ಇದನ್ನು ತಿಳಿಯೋಣ. ನೀವು 100 ಮಕ್ಕಳ ಶಿಕ್ಷಣದ ಸಮೀಕ್ಷೆಗೆ ಹೊರಟಿದ್ದೀರಿ ಎನ್ನಿ. ಲೆಕ್ಕಕ್ಕೆಂದು ಉರ್ದು ಮಾಧ್ಯಮದವರು 50, ಕನ್ನಡ 25, ಇಂಗ್ಲಿಷ್ 15, ಶಾಲೆ ಬಿಟ್ಟವರು 10 ಎಂದು ಹಿಡಿಯಿರಿ. ಉತ್ತರ ‘ಹೌದು’ ಅಥವಾ ‘ಇಲ್ಲ’ ಮಾತ್ರ. ಎರಡೆರಡಾಗಿ ಒಡೆದು ಕೇಳಿದರೆ ತಲಾ 2ರಂತೆ 200 ಪ್ರಶ್ನೆಗಳು. ಹಫ್‌ಮನ್ ವಿಧಾನದಲ್ಲಿ ಅತಿ ಚಿಕ್ಕವಾದ 15 ಮತ್ತು 10ನ್ನು ಮೊದಲು ಕೂಡಿಸಬೇಕು, 25 ಆಯಿತು. ಅದಕ್ಕೆ ಕನ್ನಡದ 25, ಕೊನೆಗೆ ಉರ್ದುವಿನ 50. ಗ್ರಾಫ್ ಸಿದ್ಧಾಂತದವರು ‘ಮರ’ ಎನ್ನುವ ಚಿತ್ರ ಇದೇ. ಈಗ ಮೇಲಿನಿಂದ ಇಳಿಯಿರಿ. ಉರ್ದುವಿನವರಿಗೆ 1 ಪ್ರಶ್ನೆ, ಕನ್ನಡದವರಿಗೆ 2, ಉಳಿದವರಿಗೆ 3. ಒಟ್ಟು 175 ಮಾತ್ರ. ಹೌದು ಎಂಬುದಕ್ಕೆ 1, ಇಲ್ಲ ಎಂಬುದಕ್ಕೆ 0 ಬರೆದರೆ 1, 01, 001, 000 ಎಂಬ ಸಂಕೇತಗಳೂ ಸಿಗುತ್ತವೆ.

ಈ ವಿಧಾನ 1952ರಲ್ಲಿ ಪ್ರಕಟವಾಯಿತು. ಜೆಪೆಗ್ ಫೋಟೋ, ಎಂಪಿ3 ಹಾಡು, ಜಿಪ್ ಕಡತ ಎಲ್ಲದರಲ್ಲೂ ಅದಿದೆ. ಹಫ್‌ಮನ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 1967ರಿಂದ ಸಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1999ರ ಅಕ್ಟೋಬರ್ 7ರಂದು ತೀರಿಕೊಂಡರು.

ವಿದ್ಯಾರ್ಥಿಗಳೇ, ಒಂದು ಮಾತು ನೆನಪಿಡಿ. ಶಾಲೆ ಬಿಟ್ಟ ಮಗು ಆ ಮರದ ಕಟ್ಟಕಡೆಯ ಎಲೆ. ಬೇಸರಪಟ್ಟು ಮೂರನೆಯ ಪ್ರಶ್ನೆ ಕೇಳದೇ ಬಂದರೆ ಆ 10 ಮಕ್ಕಳು ಲೆಕ್ಕಕ್ಕೇ ಸಿಗುವುದಿಲ್ಲ. ಪ್ರಶ್ನೆ ಉಳಿಸಿರಿ, ಆದರೆ ಮಗುವನ್ನು ಬಿಡಬೇಡಿರಿ.